ವಂಶ, ಸಂಪರ್ಕ, ಸ್ಥಾನಮಾನ: ಆಫ್ರಿಕಾನ್ಸ್–ಟಗಾಲೊಗ್ ಹೋಲಿಕೆಯ ಬೆಳಕಿನಲ್ಲಿ ಕೊಡಗಿನ ಎರಡು ನುಡಿಗಳು

ಮಡಿಕೇರಿ ತಾಲ್ಲೂಕಿನ ಗಾಳಿಬೀಡಿನ ಆಸುಪಾಸಿನಲ್ಲಿ ಅರೆಭಾಷೆ, ಕೊಡವ ತಕ್ಕ್ ಮತ್ತು ಕನ್ನಡ ಒಂದರ ಪಕ್ಕದಲ್ಲಿ ಒಂದು ಬಾಳುತ್ತಿವೆ. ಇವುಗಳಲ್ಲಿ ಮೊದಲೆರಡನ್ನು ಹೊರಗಿನವರು ‘ಕೊಡಗಿನ ಮಾತು’ ಎಂದು ಒಟ್ಟಾಗಿ ಕರೆಯುವುದುಂಟು. ಈ ಎರಡು ನುಡಿಗಳ ಚರಿತ್ರೆ ಮಾತ್ರ ಬೇರೆ ಬೇರೆ. ಆ ವ್ಯತ್ಯಾಸವನ್ನು ವಿವರಿಸಲು ನಾವು ಇಲ್ಲಿ ದೂರದ ಎರಡು ಭಾಷೆಗಳನ್ನು, ಅಂದರೆ ದಕ್ಷಿಣ ಆಫ್ರಿಕದ ಆಫ್ರಿಕಾನ್ಸ್ ಮತ್ತು ಫಿಲಿಪ್ಪೀನ್ಸ್‌ನ ಟಗಾಲೊಗ್‌ಗಳನ್ನು, ಹೋಲಿಕೆಗೆ ಎತ್ತಿಕೊಂಡಿದ್ದೇವೆ. ಭಾಷೆಯ ವಂಶ, ಸಂಪರ್ಕ ಮತ್ತು ಸ್ಥಾನಮಾನ ಎಂಬ ಮೂರು ಪ್ರಶ್ನೆಗಳನ್ನು ಬೆರೆಸಿದಾಗಲೇ ‘ಅರೆ’ ಎಂಬಂತಹ ತೀರ್ಮಾನಗಳು ಹುಟ್ಟುತ್ತವೆ ಎಂಬುದು ನಮ್ಮ ವಾದ.

ಆಫ್ರಿಕಾನ್ಸ್ ಜರ್ಮ್ಯಾನಿಕ್ ಶಾಖೆಗೆ, ಟಗಾಲೊಗ್ ಆಸ್ಟ್ರೊನೇಶಿಯನ್ ಕುಟುಂಬಕ್ಕೆ ಸೇರಿದವು. ಇವುಗಳ ನಡುವೆ ವಂಶಸಂಬಂಧವಿಲ್ಲ. ಆದರೂ ಎರಡರಲ್ಲಿಯೂ ಮಲಯ ಭಾಷೆಯ ಗುರುತುಗಳಿವೆ. ‘ಬಹಳ’ ಎಂಬರ್ಥದ ಆಫ್ರಿಕಾನ್ಸ್ ಪದ ‘ಬಾಯ’ ಮಲಯದ ‘ಬಾನ್ಯಾಕ್’ನಿಂದ ಬಂದದ್ದು. ‘ದೇಶ’ ಎಂಬರ್ಥದ ಟಗಾಲೊಗ್ ಪದ ‘ಬನ್ಸಾ’ ಸಂಸ್ಕೃತದ ‘ವಂಶ’. ಅದು ಮಲಯದ ಮೂಲಕ ಅಲ್ಲಿಗೆ ತಲುಪಿತು. ‘ಗುರು’, ‘ಮುಖ’ಗಳೂ ಟಗಾಲೊಗ್‌ನಲ್ಲಿವೆ. ಹಾಗೆಂದು ಟಗಾಲೊಗ್ ಕನ್ನಡದ ಬಂಧುವಾಗುವುದಿಲ್ಲ. ಕಡಲ ವ್ಯಾಪಾರದ ದಾರಿಯನ್ನು ಪದಗಳು ಹೇಳುತ್ತವೆ, ಹುಟ್ಟನ್ನು ಹೇಳುವುದಿಲ್ಲ.

ಎರಡೂ ಭಾಷೆಗಳು ಯುರೋಪಿನ ಆಳ್ವಿಕೆಯನ್ನು ಕಂಡಿವೆ, ಆದರೆ ಅದರ ಪರಿಣಾಮ ಒಂದೇ ಬಗೆಯದಲ್ಲ. 1652ರಲ್ಲಿ ಕೇಪ್‌ನಲ್ಲಿ ನೆಲೆಯೂರಿದ ಡಚ್ಚರ ಮಾತು ಖೋಯ್‌ಖೋಯ್ ಜನರ ಹಾಗೂ ಏಷ್ಯಾ, ಮಡಗಾಸ್ಕರ್‌ಗಳಿಂದ ಗುಲಾಮರಾಗಿ ತರಲ್ಪಟ್ಟವರ ಬಾಯಲ್ಲಿ ಹೊಸ ರೂಪ ಪಡೆಯಿತು. ಡಚ್ಚಿನ ‘ಇಕ್ ಬೆನ್’, ‘ವೆಯ್ ಜೆಯ್ನ್’ಗಳ ಜಾಗದಲ್ಲಿ ಆಫ್ರಿಕಾನ್ಸ್ ‘ಎಕ್ ಇಸ್’, ‘ಒನ್ಸ್ ಇಸ್’ ಎನ್ನುತ್ತದೆ. ಪುರುಷವಾಚಕ ಪ್ರತ್ಯಯಗಳು ಅಳಿದುಹೋದವು. ಟಗಾಲೊಗ್ ಮೂರು ಶತಮಾನಗಳಿಗೂ ಹೆಚ್ಚು ಕಾಲ ಸ್ಪ್ಯಾನಿಷ್ ಆಳ್ವಿಕೆಯಲ್ಲಿದ್ದು ಸಾವಿರಾರು ಪದಗಳನ್ನು ಪಡೆಯಿತು. ಆದರೂ ‘ಸುಲತ್’ (ಬರೆ) ಎಂಬ ಧಾತುವಿನೊಳಗೆ ಪ್ರತ್ಯಯ ಸೇರಿಸಿ ‘ಸುಮುಲತ್’, ‘ಸಿನುಲತ್’ ಎಂದು ಕರ್ತೃಪರ, ಕರ್ಮಪರ ರೂಪಗಳನ್ನು ಕಟ್ಟುವ ತನ್ನ ವ್ಯವಸ್ಥೆಯನ್ನು ಅದು ಬಿಟ್ಟುಕೊಡಲಿಲ್ಲ. ಒಂದು ಮಾತೃಭಾಷೆಯಿಂದ ಕವಲೊಡೆದ ನುಡಿ. ಇನ್ನೊಂದು ಎರವಲು ಪಡೆದೂ ತನ್ನ ಬೇರಿನಲ್ಲೇ ನಿಂತ ನುಡಿ.

ಕೊಡಗಿನ ಎರಡು ನುಡಿಗಳು ಒಂದೇ ದ್ರಾವಿಡ ಕುಟುಂಬದವಾದರೂ ಅವುಗಳ ನಡುವೆ ಇಂತಹದೇ ಅಂತರವಿದೆ. ಕನ್ನಡದಲ್ಲಿ ಸುಮಾರು 10ನೆಯ ಶತಮಾನದಿಂದ ಪದಾದಿಯ ಪಕಾರ ಹಕಾರವಾಗತೊಡಗಿತು. ‘ಹೋಗಬೇಕು’ ಎನ್ನಲು ಅರೆಭಾಷೆ ‘ಹೋಕು’ ಎನ್ನುತ್ತದೆ. ಕೊಡವ ತಕ್ಕ್‌ನ ಧಾತು ಇಂದಿಗೂ ‘ಪೋ’. ಒಂದು ಧ್ವನಿವ್ಯತ್ಯಾಸದಿಂದಲೇ ವಂಶ ನಿರ್ಣಯವಾಗದು, ನಿಜ. ಆದರೆ ಈ ಸಾಕ್ಷ್ಯ ಅರೆಭಾಷೆಯನ್ನು ಹಕಾರ ಕಂಡ ಕನ್ನಡದ ಕವಲಾಗಿ ನೋಡುವುದಕ್ಕೆ ಹೊಂದುತ್ತದೆ. ಜೊತೆಗೆ ‘ಉಂಟು’ವನ್ನು ‘ಉಟ್ಟು’ ಮಾಡಿಕೊಂಡಂತಹ ಸ್ವಂತ ಬೆಳವಣಿಗೆಗಳೂ ಅದಕ್ಕಿವೆ. ಕೊಡವ ತಕ್ಕ್‌ನ ಮಧ್ಯಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಆ ಲಿಪಿಯಲ್ಲಿಯೇ ಅಚ್ಚಾಯಿತು. ಹೊಸ ಅಕ್ಕಿಯ ಹಬ್ಬವಾದ ‘ಪುತ್ತರಿ’ ಇನ್ನೂ ಸ್ಪಷ್ಟ ನಿದರ್ಶನ. ಕನ್ನಡ ಅದಕ್ಕೆ ಹಕಾರ ತೊಡಿಸಿ ‘ಹುತ್ತರಿ’ ಎಂದಿತು, ಆದರೆ ಒಳಗಿನ ‘ಅರಿ’ಯನ್ನು ‘ಅಕ್ಕಿ’ ಮಾಡಲಿಲ್ಲ. ಆ ‘ಅರಿ’ ಮಲಯಾಳದ ‘ಅರಿ’ಯ ಸಾಲಿನದು.

ಸ್ಥಾನಮಾನದ ಚರಿತ್ರೆ ಈ ರಚನೆಯ ಚರಿತ್ರೆಯನ್ನು ಹಿಂಬಾಲಿಸಿಲ್ಲ. 1856ರಲ್ಲಿ ಕಾಲ್ಡ್‌ವೆಲ್ ಪ್ರಕಟಿಸಿದ ತೌಲನಿಕ ವ್ಯಾಕರಣ ಸಾಹಿತ್ಯಸಂಪನ್ನವೆಂದು ಪಟ್ಟಿಮಾಡಿದ ಭಾಷೆಗಳಲ್ಲಿ ಕೊಡಗಿನ ನುಡಿ ಇರಲಿಲ್ಲ. 1867ರಲ್ಲಿ ಕೋಲ್ ಅದರ ವ್ಯಾಕರಣ ಬರೆದರು. 1875ರ ಎರಡನೆಯ ಆವೃತ್ತಿಯ ಪಟ್ಟಿಗೆ ಅದು ಸೇರಿತು. ಹತ್ತೊಂಬತ್ತು ವರ್ಷಗಳಲ್ಲಿ ಬದಲಾದದ್ದು ವಿದ್ವಾಂಸರ ನೋಟ, ಆಡುಮಾತಲ್ಲ. ಆಫ್ರಿಕಾನ್ಸನ್ನು ದೀರ್ಘಕಾಲ ‘ಅಡುಗೆಮನೆಯ ಮಾತು’ ಎಂದು ಹೀಗಳೆಯಲಾಗಿತ್ತು. 1925ರ ಕಾಯಿದೆ ‘ಡಚ್’ ಎಂಬ ಪದದಲ್ಲಿ ಆಫ್ರಿಕಾನ್ಸ್ ಅಡಕವಾಗಿದೆ ಎಂದು ಸಾರಿ ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟಿತು. 1961ರ ಸಂವಿಧಾನ ಅದನ್ನು ತಿರುಗಿಸಿ, ‘ಆಫ್ರಿಕಾನ್ಸ್’ ಎಂಬುದರಲ್ಲಿ ಡಚ್ ಅಡಕವಾಗಿದೆ ಎಂದಿತು. ಟಗಾಲೊಗ್ 1937ರಲ್ಲಿ ರಾಷ್ಟ್ರಭಾಷೆಯ ತಳಹದಿಯಾಗಿ, 1959ರಲ್ಲಿ ‘ಪಿಲಿಪಿನೊ’ ಎಂಬ ಹೆಸರು ಪಡೆದು, 1987ರ ಸಂವಿಧಾನದಲ್ಲಿ ‘ಫಿಲಿಪಿನೊ’ ಆಯಿತು.

ಅರೆಭಾಷೆಯ ಸ್ಥಿತಿ ಆಫ್ರಿಕಾನ್ಸ್‌ನ ಆರಂಭದ ಘಟ್ಟವನ್ನು ನೆನಪಿಸುತ್ತದೆ. ಕೆ. ಕುಶಾಲಪ್ಪಗೌಡರು 1970ರಲ್ಲಿ ಅದನ್ನು ‘ಗೌಡ ಕನ್ನಡ’ ಎಂಬ ಹೆಸರಿನಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. 2011ರಲ್ಲಿ ಅದಕ್ಕಾಗಿ ಅಕಾಡೆಮಿಯೂ ಸ್ಥಾಪನೆಯಾಯಿತು. ಅದೇ ವರ್ಷದ ಜನಗಣತಿಯಲ್ಲಿ ಕೊಡವ ನುಡಿಗೆ ಪ್ರತ್ಯೇಕ ಸಾಲಿದ್ದು 1,13,857 ಮಂದಿ ದಾಖಲಾಗಿದ್ದಾರೆ; 2001ರ ಸಂಖ್ಯೆ 1,66,187. ಈ ಕುಸಿತದ ಕಾರಣಗಳೇನೇ ಇರಲಿ, ಅದು ಕಣ್ಣಿಗೆ ಬಿದ್ದು ಚರ್ಚಿಸಲು ಸಾಧ್ಯವಾದದ್ದು ಆ ಸಾಲು ಇದ್ದುದರಿಂದ. ಅರೆಭಾಷೆಗೆ ಅಂತಹ ಸಾಲಿಲ್ಲ. ಕನ್ನಡದ ಕೋಟಿಗಳ ನಡುವೆ ಅದು ಬೆಳೆದರೂ ಬಾಡಿದರೂ ಗೊತ್ತಾಗದು.

ಅರೆಭಾಷೆ ಕನ್ನಡದ ಮಗಳೆಂದು ಒಪ್ಪುವುದಕ್ಕೂ ಅದನ್ನು ಪ್ರತ್ಯೇಕವಾಗಿ ಎಣಿಸುವುದಕ್ಕೂ ವಿರೋಧವಿಲ್ಲ: ಮೊದಲನೆಯದು ವಂಶದ ಪ್ರಶ್ನೆ, ಎರಡನೆಯದು ಸ್ಥಾನಮಾನದ್ದು. ‘ಅರೆ’ ಎಂಬ ಮಾತು ಸ್ಥಾನಮಾನದ ಅಳತೆಗೇ ಸೇರಿದ್ದು. ಆ ನುಡಿಯ ವ್ಯಾಕರಣದಲ್ಲಿ ಅರ್ಧವಾದುದೇನೂ ಇಲ್ಲ. ಆದ್ದರಿಂದ ಗಾಳಿಬೀಡಿನಂತಹ ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ಮಾತೃಭಾಷೆಯ ಹೆಸರನ್ನು ಸಿದ್ಧಪಟ್ಟಿಯಿಂದ ಆರಿಸಿಕೊಳ್ಳದೆ, ಆಡುವವರು ಹೇಳಿದಂತೆಯೇ ಬರೆದುಕೊಳ್ಳಬೇಕು. ಆ ನುಡಿಯನ್ನು ಮನೆಯಲ್ಲಿ ಮಕ್ಕಳೊಂದಿಗೆ ಆಡುತ್ತಾರೆಯೇ ಎಂಬುದನ್ನೂ ಪ್ರತ್ಯೇಕವಾಗಿ ಕೇಳಬೇಕು. ಸರ್ಕಾರದ ಪಟ್ಟಿ ತಿದ್ದುಪಡಿಯಾಗುವವರೆಗೆ ಇಂತಹ ದಾಖಲೆಯೇ ಅರೆಭಾಷೆಗೆ ಇರುವ ಗಣತಿ.