ಹುಳಿಯ ಮೇಲಿನ ನಂಬಿಕೆ: ಹಸಿ ಆಯ್ಸ್ಟರ್, ವಿನೆಗರ್ ಮತ್ತು ನಮ್ಮ ಕಾಳುಮೆಣಸು

ಆಯ್ಸ್ಟರ್ ಅಂದರೆ ಸಮುದ್ರದ ಒಂದು ಚಿಪ್ಪುಜೀವಿ, ನಮ್ಮ ಮುತ್ತಿನ ಸಿಂಪಿಯ ದೂರದ ನೆಂಟ ಅನ್ನಿ. ಅದರ ಚಿಪ್ಪನ್ನು ಚಾಕುವಿನಿಂದ ಬಿಡಿಸಿ, ಒಲೆಯ ಹತ್ತಿರಕ್ಕೂ ಒಯ್ಯದೆ ಹಾಗೇ ಹಸಿಯಾಗಿ ನುಂಗುತ್ತಾರೆ ಅಂದರೆ ನಮ್ಮಲ್ಲಿ ಹಲವರಿಗೆ ಹೊಟ್ಟೆ ತೊಳಸಬಹುದು. ಆದರೆ ಫ್ರಾನ್ಸಿನ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷ ಬಂತೆಂದರೆ ಇದಿಲ್ಲದೆ ಹಬ್ಬದೂಟ ಆಗುವುದಿಲ್ಲ. ಜೊತೆಗೆ ಒಂದು ಪುಟ್ಟ ಬಟ್ಟಲಲ್ಲಿ ಮಿನ್ಯೊನೆಟ್ ಅನ್ನೋ ಸಾಸ್ ಇರುತ್ತದೆ. ಅದರಲ್ಲಿ ಇರೋದು ಮೂರೇ ಸಾಮಾನು: ವಿನೆಗರ್, ಈರುಳ್ಳಿ, ಕಾಳುಮೆಣಸು. ಇಷ್ಟು ಸರಳವಾದ ಸಾಸಿಗೆ ಎರಡು ಸಾವಿರ ವರ್ಷದ ಇತಿಹಾಸ ಇದೆ, ಒಂದು ಎಳೆ ನಮ್ಮ ಪಶ್ಚಿಮಘಟ್ಟಕ್ಕೂ ಬಂದು ಸೇರುತ್ತದೆ. ಆ ಇತಿಹಾಸದಲ್ಲಿ ಜೀವ ತೆಗೆದ ಒಂದು ಔತಣವೂ ಇದೆ.

ಮೊದಲು ಮಾಡೋದು ಹೇಗೆ ಅಂತ ಹೇಳಿಬಿಡ್ತೀನಿ. ಅರ್ಧ ಕಪ್, ಅಂದರೆ ಸುಮಾರು 120 ಮಿ.ಲೀ. ರೆಡ್ ವೈನ್ ವಿನೆಗರ್ ತೆಗೆದುಕೊಳ್ಳಿ. ಅದಕ್ಕೆ ಎರಡು ದೊಡ್ಡ ಚಮಚದಷ್ಟು ಶ್ಯಾಲಟ್ ಅನ್ನು ಆದಷ್ಟು ಸಣ್ಣಗೆ ಹೆಚ್ಚಿ ಹಾಕಿ. ಶ್ಯಾಲಟ್ ಸಿಗದಿದ್ದರೆ ನಮ್ಮ ಸಾಂಬಾರ್ ಈರುಳ್ಳಿ ಧಾರಾಳವಾಗಿ ನಡೆಯುತ್ತದೆ. ಒಂದು ಚಿಕ್ಕ ಚಮಚ ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಸೇರಿಸಿ. ಮಿಕ್ಸಿಗೆ ಹಾಕಬೇಡಿ, ನುಣ್ಣಗಿನ ಪುಡಿ ಬಿದ್ದರೆ ಸಾಸ್ ಬಗ್ಗಡವಾಗುತ್ತದೆ. ಚಿಟಿಕೆ ಉಪ್ಪು ಹಾಕಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಅಷ್ಟೇ, ಒಲೆ ಹಚ್ಚುವ ಕೆಲಸವೇ ಇಲ್ಲ. ಒಂದು ಆಯ್ಸ್ಟರಿಗೆ ಅರ್ಧ ಚಿಕ್ಕ ಚಮಚ ಸಾಕು. ಅಂಗಡಿಯಲ್ಲಿ ವಿನೆಗರ್ ಕೊಳ್ಳುವಾಗ ಲೇಬಲ್ ಓದಿ. ಸಿಂಥೆಟಿಕ್ ಅಂತ ಬರೆದಿದ್ದರೆ ಅದು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದು. ಹುಳಿ ಇರುತ್ತದೆ, ದ್ರಾಕ್ಷಿಯ ಪರಿಮಳ ಇರುವುದಿಲ್ಲ.

ಈಗ ಹೆಸರುಗಳನ್ನು ನೋಡಿ. ಹಿಂದೆ ಮಿನ್ಯೊನೆಟ್ ಅಂದರೆ ಮೆಣಸು, ಲವಂಗ, ಶುಂಠಿ ಮುಂತಾದ ಸಂಬಾರಗಳನ್ನು ಕಟ್ಟಿ ಸಾರಿನಲ್ಲಿ ಇಳಿಬಿಡುವ ಸಣ್ಣ ಬಟ್ಟೆಗಂಟು. ತರಿತರಿಯಾಗಿ ಕುಟ್ಟಿದ ಮೆಣಸಿಗೂ ಅದೇ ಹೆಸರು. ಅಲ್ಲಿಂದ ಈ ಸಾಸಿಗೆ ಬಂತು. ಅಂದರೆ ಸಾಸಿನ ಹೆಸರು ನಿಂತಿರುವುದೇ ಮೆಣಸಿನ ಮೇಲೆ. ಶ್ಯಾಲಟ್ ಅನ್ನೋ ಹೆಸರು ಪ್ಯಾಲೆಸ್ಟೈನ್ ಕರಾವಳಿಯ ಹಳೆಯ ಬಂದರು ಆಸ್ಕಲಾನ್‌ನಿಂದ ಬಂದದ್ದು. ವಿನೆಗರ್ ಅಂದರೆ ಫ್ರೆಂಚಿನಲ್ಲಿ ಹುಳಿ ವೈನ್, ಅಷ್ಟೇ. ಲುವಾರ್ ನದಿಯ ದಡದ ಒರ್ಲೆಯಾನ್ಸ್ ಪಟ್ಟಣ ಇದಕ್ಕೆ ಹೆಸರುವಾಸಿ. ದೋಣಿಯಲ್ಲಿ ಪ್ಯಾರಿಸ್ಸಿಗೆ ಹೊರಟ ವೈನ್ ದಾರಿಯಲ್ಲಿ ಹುಳಿಯಾದರೆ ಅಲ್ಲೇ ಇಳಿಸುತ್ತಿದ್ದರಂತೆ. ಅದನ್ನೇ ಮರದ ಪೀಪಾಯಿಗಳಲ್ಲಿ ಅರೆಬರೆ ತುಂಬಿ, ಗಾಳಿಯಾಡಲು ಬಿಟ್ಟು ನಿಧಾನವಾಗಿ ವಿನೆಗರ್ ಮಾಡುವುದು ಅಲ್ಲಿಯವರ ಕಸುಬಾಯಿತು.

ಆದರೆ ಮೆಣಸು, ಹುಳಿ, ಆಯ್ಸ್ಟರ್ ಈ ಮೂರನ್ನು ಒಂದೇ ತಟ್ಟೆಗೆ ತಂದದ್ದರಲ್ಲಿ ಫ್ರೆಂಚರೇ ಮೊದಲಿಗರಲ್ಲ. ಕ್ರಿ.ಪೂ. ಒಂದನೇ ಶತಮಾನದ ಆರಂಭದಲ್ಲೇ ಇಟಲಿಯಲ್ಲಿ ಸರ್ಜಿಯಸ್ ಒರಾಟಾ ಎಂಬಾತ ಆಯ್ಸ್ಟರ್ ಸಾಕಿ ದುಡ್ಡು ಮಾಡಿದ್ದನೆಂದು ಪ್ಲಿನಿ ಬರೆದಿಟ್ಟಿದ್ದಾನೆ. ಅಪಿಸಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಅಡುಗೆ ಪುಸ್ತಕದಲ್ಲಿ ಆಯ್ಸ್ಟರಿಗೆಂದೇ ಒಂದು ಸಾಸ್ ಇದೆ. ಕಾಳುಮೆಣಸು, ವಿನೆಗರ್, ವೈನ್, ಎಣ್ಣೆ, ಮೊಟ್ಟೆಯ ಹಳದಿ, ಮೀನಿನ ರಸ, ಬೇಕಿದ್ದರೆ ಜೇನುತುಪ್ಪ! ಆಯ್ಸ್ಟರನ್ನು ಹೆಚ್ಚು ದಿನ ಇಡಬೇಕೆಂದರೆ ವಿನೆಗರಿನ ಪಾತ್ರೆ ಬಳಸಿ ಅನ್ನುವ ಸಲಹೆಯೂ ಅದೇ ಪುಸ್ತಕದಲ್ಲಿದೆ. ಹುಳಿ ಕಾಪಾಡುತ್ತದೆ ಅನ್ನುವ ನಂಬಿಕೆ ಅಷ್ಟು ಹಳೆಯದು, ಗಮನಿಸಿ.

ರೋಮನ್ನರ ಆ ಮೆಣಸು ಮುಂಗಾರು ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಲ್ಲಿ ಮಲಬಾರ್ ತೀರದಿಂದ ಹೋಗುತ್ತಿತ್ತು. ಹದಿನಾರನೇ ಶತಮಾನದ ಹೊತ್ತಿಗೆ ಪೋರ್ಚುಗೀಸರು ಈ ವ್ಯಾಪಾರಕ್ಕೆ ಕೈಹಾಕಿದಾಗ ಅವರಿಗೆ ಎದುರಾದವಳು ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಹೊನ್ನಾವರ, ಭಟ್ಕಳದ ಬಂದರುಗಳಿಂದ ಮೆಣಸು ಸಾಗುತ್ತಿದ್ದ ಆ ಕಾಲದಲ್ಲಿ ಅವರು ಅವಳನ್ನು ಕರೆದದ್ದೇ 'ಮೆಣಸಿನ ರಾಣಿ' ಅಂತ. ಶರಾವತಿ ಕಣಿವೆಯ ತೋಟದಲ್ಲಿ ಬಳ್ಳಿ ಹಬ್ಬಿದ ಮೆಣಸು ಯಾವ ಯಾವ ದೇಶದ ಕುಟ್ಟಾಣಿಗೆ ಬಿದ್ದಿರಬಹುದು, ಯೋಚಿಸಿ :-)

ಪ್ಯಾರಿಸ್ಸಿನ ಶ್ರೀಮಂತರ ಆಯ್ಸ್ಟರ್ ಹುಚ್ಚು ನೋಡಬೇಕಾದರೆ ಜಾನ್-ಫ್ರಾನ್ಸುವಾ ದ ಟ್ರುವಾ 1735ರಲ್ಲಿ ವರ್ಸಾಯ್ ಅರಮನೆಗಾಗಿ ಬರೆದ ಚಿತ್ರ ನೋಡಬೇಕು. ಈಗದು ಶಾಂತಿಯಿ ಪಟ್ಟಣದ ಕೊಂದೆ ಮ್ಯೂಸಿಯಮ್ಮಿನಲ್ಲಿದೆ. ಗಂಡಸರೆಲ್ಲ ಮೇಜಿನ ಸುತ್ತ ಕೂತಿದ್ದಾರೆ, ನೆಲದ ತುಂಬಾ ಖಾಲಿ ಚಿಪ್ಪು, ಷಾಂಪೇನಿನ ಬಿರಡೆ ಗಾಳಿಯಲ್ಲಿ ಹಾರುತ್ತಿದೆ! ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನಲ್ಲಿ ಆಯ್ಸ್ಟರ್ ಬಡವರ ತಿಂಡಿ. ಬೀದಿಬದಿಯ ಗಾಡಿಗಳಲ್ಲಿ ಮೆಣಸು, ವಿನೆಗರ್ ಹಾಕಿ ತಿನ್ನುತ್ತಿದ್ದರು. ಲೂಯಿಸ್ ಕ್ಯಾರಲ್ 1871ರಲ್ಲಿ ಬರೆದ ಮಕ್ಕಳ ಪದ್ಯದಲ್ಲೂ ವಾಲ್ರಸ್ ಪ್ರಾಣಿ ಎಳೆಯ ಆಯ್ಸ್ಟರುಗಳನ್ನು ತಿನ್ನುವ ಮುಂಚೆ ಕೇಳುವುದು ಬ್ರೆಡ್ಡು, ಮೆಣಸು, ವಿನೆಗರನ್ನೇ.

ಇನ್ನು ಆ ಔತಣದ ವಿಷಯ. 1902ರ ನವೆಂಬರಿನಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳಲ್ಲಿ ಮೇಯರ್ ಔತಣಕೂಟ ನಡೆಯಿತು. ಎರಡಕ್ಕೂ ಆಯ್ಸ್ಟರ್ ಬಂದದ್ದು ಎಮ್ಸ್‌ವರ್ತ್ ಎಂಬ ಸಣ್ಣ ಬಂದರಿನಿಂದ. ಕೆಲವು ದಿನಗಳಲ್ಲಿ ಅತಿಥಿಗಳು ಒಬ್ಬೊಬ್ಬರಾಗಿ ಟೈಫಾಯ್ಡ್ ಹಿಡಿದು ಮಲಗಿದರು, ಕೆಲವರು ಸತ್ತರು. ವಿಂಚೆಸ್ಟರ್ ಕೆಥೀಡ್ರಲ್ಲಿನ ಡೀನ್ ವಿಲಿಯಂ ಸ್ಟೀಫನ್ಸ್ ಕೂಡ ಅವರಲ್ಲೊಬ್ಬರು. ತನಿಖೆ ಮಾಡಿದಾಗ ಗೊತ್ತಾದದ್ದು ಇಷ್ಟು: ಎಮ್ಸ್‌ವರ್ತ್ ಊರಿನ ಚರಂಡಿ ನೀರು ಆಯ್ಸ್ಟರ್ ಇಡುವ ಜಾಗಕ್ಕೇ ಬಂದು ಬೀಳುತ್ತಿತ್ತು. ಅಲ್ಲಿನ ಆಯ್ಸ್ಟರ್ ವ್ಯಾಪಾರ ನೆಲಕಚ್ಚಿತು, ಎಷ್ಟೋ ಮನೆಗಳ ಕೆಲಸ ಹೋಯಿತು. ವ್ಯಾಪಾರಿ ಜೆ. ಡಿ. ಫಾಸ್ಟರ್ ಸ್ಥಳೀಯ ಆಡಳಿತದ ಮೇಲೆ ದಾವೆ ಹೂಡಿ 1906ರಲ್ಲಿ ಗೆದ್ದ. ಗೆದ್ದರೂ ಹಳೆಯ ವ್ಯಾಪಾರ ತಿರುಗಿ ಬರಲಿಲ್ಲ.

ಅಲ್ಲಾ, ಮೇಲೆ ಬೇಕಾದಷ್ಟು ವಿನೆಗರ್ ಸುರಿದುಕೊಂಡರೆ ರೋಗಾಣು ಸಾಯಲ್ವಾ ಅಂತ ನೀವು ಕೇಳಬಹುದು. ನಮಗೂ ಈ ಅನುಮಾನ ಸಹಜ, ಯಾಕೆಂದರೆ ನಾವು ಉಪ್ಪಿನಕಾಯಿ ಹಾಕಿ ವರ್ಷಗಟ್ಟಲೆ ಇಡುವ ಜನ. ಆದರೆ ಜಾಡಿಯಲ್ಲಿ ಆಗೋದೇ ಬೇರೆ. ಅಲ್ಲಿ ಉಪ್ಪು ಹುಳಿ ದಿನಗಟ್ಟಲೆ ಕೂತು ಹೋಳಿನ ಒಳಗಿನವರೆಗೂ ಇಳಿಯುತ್ತವೆ. ಇಲ್ಲಿ ಅರ್ಧ ಚಮಚ ವಿನೆಗರ್ ಮೇಲ್ಮೈಗೆ ತಾಗಿ, ಅರ್ಧ ನಿಮಿಷದಲ್ಲಿ ಗಂಟಲು ದಾಟಿರುತ್ತದೆ. ಆಯ್ಸ್ಟರ್ ಉಣ್ಣುವುದೇ ನೀರನ್ನು ಸೋಸಿ, ಗಂಟೆಗೆ ಹಲವು ಲೀಟರ್. ಆ ನೀರಿನಲ್ಲಿ ಏನಿತ್ತೋ ಅದು ಅದರ ಹೊಟ್ಟೆಯ ಒಳಗೆ ಸೇರಿರುತ್ತದೆ. ಹುಳಿ ಅಲ್ಲಿಗೆ ತಲುಪುವುದೇ ಇಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಬಿಡಿಸಿದ ಆಯ್ಸ್ಟರಿನ ಅಂಚಿಗೆ ಒಂದು ಹನಿ ಹುಳಿ ಬಿಟ್ಟರೆ ಅದು ಸುಕ್ಕಾಗಿ ಒಳಗೆ ಸರಿಯುತ್ತದೆ. ತಿನ್ನುವವರು ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದಾರೆ. ಸರಿ, ಆಯ್ಸ್ಟರ್ ಇನ್ನೂ ಜೀವಂತವಾಗಿದೆ ಅಂತ ಇದರಿಂದ ಗೊತ್ತಾಗುತ್ತದೆ. ಅದರೊಳಗಿನ ರೋಗಾಣುವೂ ಜೀವಂತವಾಗಿದೆಯೋ ಇಲ್ಲವೋ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

1924ರ ಚಳಿಗಾಲದಲ್ಲಿ ಅಮೆರಿಕದಲ್ಲೂ ಇದೇ ಕಥೆ. ಆಯ್ಸ್ಟರಿನಿಂದ ಹಬ್ಬಿದ ಟೈಫಾಯ್ಡಿಗೆ ಸುಮಾರು 1,500 ಜನ ಸಿಕ್ಕಿ, ಸುಮಾರು 150 ಜನ ಸತ್ತರು. ಅದಾದ ಮೇಲೆ 1925ರಲ್ಲಿ ಅಲ್ಲಿನ ಸರ್ಕಾರ ಆಯ್ಸ್ಟರ್ ಬೆಳೆಯುವ ನೀರನ್ನೇ ಪರೀಕ್ಷಿಸುವ ವ್ಯವಸ್ಥೆ ತಂದಿತು. ಎರಡು ಸಾವಿರ ವರ್ಷ ತಟ್ಟೆಯ ಮೇಲೆ ಹುಡುಕುತ್ತಿದ್ದ ಕಾವಲನ್ನು ಕಡೆಗೂ ನೀರಿಗೆ ಕೊಂಡೊಯ್ದರು. ಹಾಗಂತ ಭಯ ಪೂರ್ತಿ ಹೋಗಿಲ್ಲ. ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಚರಂಡಿಯೇ ಬೇಕಿಲ್ಲ, ಬೆಚ್ಚಗಿನ ಸಮುದ್ರದ ನೀರಿನಲ್ಲಿ ತಾನಾಗೇ ಇರುತ್ತದೆ. ಅದು ತಗುಲಿದ ಐವರಲ್ಲಿ ಒಬ್ಬರು ಸಾಯುತ್ತಾರೆ, ಲಿವರ್ ಕಾಯಿಲೆ ಇದ್ದವರಿಗಂತೂ ಅಪಾಯ ಹೆಚ್ಚು. ನಿಂಬೆರಸ, ಖಾರದ ಸಾಸ್ ಇದನ್ನು ಕೊಲ್ಲುವುದಿಲ್ಲ, ಕೆಟ್ಟ ಆಯ್ಸ್ಟರ್ ನೋಡಲು, ಮೂಸಲು, ತಿನ್ನಲು ಒಳ್ಳೆಯದರ ಹಾಗೇ ಇರುತ್ತದೆ ಅಂತ ಅಮೆರಿಕದ ಸಿಡಿಸಿ ಎಚ್ಚರಿಸುತ್ತದೆ.

ಒಂದು ತಮಾಷೆ ನೋಡಿ. ವೈನ್ ವಿನೆಗರ್ ಆಗುವುದು ಜೀವಾಣುಗಳಿಂದ ಅಂತ ತೋರಿಸಿಕೊಟ್ಟವರು ಲೂಯಿ ಪಾಶ್ಚರ್. 1867ರಲ್ಲಿ ಅವರು ಒರ್ಲೆಯಾನ್ಸಿಗೇ ಹೋಗಿ ಅಲ್ಲಿನ ವಿನೆಗರ್ ತಯಾರಕರಿಗೆ ಅದನ್ನು ವಿವರಿಸಿದರು. ರೋಗಾಣುಗಳನ್ನು ಕೊಲ್ಲುತ್ತದೆಂದು ಜನ ನಂಬಿದ್ದ ವಿನೆಗರನ್ನು ಮಾಡುತ್ತಿದ್ದದ್ದೇ ಜೀವಾಣು!

ನಮ್ಮ ಕರಾವಳಿಯವರು ಚಿಪ್ಪುಜೀವಿಗಳನ್ನು ತೆಂಗಿನಕಾಯಿ ಮಸಾಲೆಯಲ್ಲಿ ಚೆನ್ನಾಗಿ ಬೇಯಿಸಿಯೇ ತಿನ್ನುತ್ತಾರೆ. ಹಳ್ಳಿಯ ಹಳೇ ಪದ್ಧತಿ ಅಂತ ನಗುವ ಹಾಗಿಲ್ಲ. ಯಾವ ನೀರಿನಿಂದ ಬಂತು ಅಂತ ಲೇಬಲ್ ಇಲ್ಲದ ಆಯ್ಸ್ಟರನ್ನು ದಯವಿಟ್ಟು ಹಸಿಯಾಗಿ ತಿನ್ನಬೇಡಿ. ಮಿನ್ಯೊನೆಟ್ ಖಂಡಿತ ಮಾಡಿ. ಆಯ್ಸ್ಟರಿನ ಚಿಪ್ಪು ಕುದಿಯುವ ನೀರಲ್ಲಿ ಬಾಯಿ ಬಿಟ್ಟ ಮೇಲೂ ಇನ್ನು 3ರಿಂದ 5 ನಿಮಿಷ ಕುದಿಸಿ, ತಣ್ಣಗಾದ ಮೇಲೆ ಈ ಸಾಸ್ ಹಾಕಿಕೊಂಡು ನೋಡಿ. ಸಸ್ಯಾಹಾರಿಗಳು ಸೌತೆಕಾಯಿ ಹೋಳಿನ ಮೇಲೆ ಹಾಕಿಕೊಳ್ಳಿ, ಅದಕ್ಕೂ ಒಪ್ಪುತ್ತದೆ. ಮೆಣಸು ಮಾತ್ರ ಆಗತಾನೇ ಕುಟ್ಟಿದ್ದಾಗಿರಲಿ.