ಸಂಪಾದಕರು ಹೋಗುತ್ತಾರೆ, ಸಂಚಿಕೆ ಉಳಿಯಬೇಕು

ನೀವು ಎಂದಾದರೂ ಆಳಂದದಿಂದ ಅಫಜಲಪುರದ ಮೂಲಕ ಜೇವರ್ಗಿಗೆ ಪ್ರಯಾಣ ಮಾಡಿದ್ದೀರಾ? ಹಾಗಿದ್ದರೆ ದಾರಿಬದಿಯ ಬಾವಿಗಳನ್ನೂ ಹಳ್ಳದ ದಂಡೆಗಳನ್ನೂ ಗಮನಿಸಿರಬಹುದು. ಆಳಂದ, ಅಫಜಲಪುರ ತಾಲ್ಲೂಕುಗಳಲ್ಲಿ ಎರೆಮಣ್ಣಿನ ಅಡಿಯಲ್ಲಿ ಸಿಗುವುದು ಕಪ್ಪು ಬಸಾಲ್ಟ್ ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಇದು. ಭೀಮಾ ನದಿ ದಾಟಿ ಜೇವರ್ಗಿ ಸೀಮೆಯೊಳಗೆ ಸಾಗಿದರೆ ಹಲವೆಡೆ ಈ ಕಪ್ಪು ಹೊದಿಕೆ ಮುಗಿದು, ಅದಕ್ಕಿಂತ ಬಹಳ ಹಳೆಯದಾದ ಸುಣ್ಣಕಲ್ಲು ಮತ್ತು ಜೇಡುಶಿಲೆ ಹೊರಗೆ ಕಾಣುತ್ತವೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಇದೇ ಬಳಗಕ್ಕೆ ಸೇರಿದ್ದು. ಭೂವಿಜ್ಞಾನಿಗಳು ಇದನ್ನು ‘ಭೀಮಾ ಶಿಲಾಸಮೂಹ’ ಎಂದು ಕರೆಯುತ್ತಾರೆ.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಒಬ್ಬರಿಂದ ಅಲ್ಲ. ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶದ ಶಿಲೆಗಳ ವಿವರಗಳನ್ನು 1876ರಲ್ಲಿ ಪ್ರಕಟಿಸಿದರು. ಸಿ.ವಿ. ರಾಮನ್ ಅವರ ಬಳಿ ಭೌತವಿಜ್ಞಾನದಲ್ಲಿ ಪಳಗಿ, ನಂತರ ಭೂವಿಜ್ಞಾನಕ್ಕೆ ಬಂದ ಸಿ. ಮಹದೇವನ್ ಅವರ ಪ್ರಬಂಧ 1947ರಲ್ಲಿ ಬಂತು. 1987ರಲ್ಲಿ ಭಾರತದ ಪರ್ಯಾಯದ್ವೀಪದ ಪ್ರಾಚೀನ ಜಲಜಶಿಲೆಗಳನ್ನು ಕುರಿತ ಸಂಪುಟವೊಂದರಲ್ಲಿ ಭೀಮಾ ಶಿಲೆಗಳಿಗೂ ಸ್ಥಾನ ದೊರೆಯಿತು. 1995ರಲ್ಲಿ ವಿ.ಎಸ್. ಕಾಳೆ ಮತ್ತು ವಿ.ವಿ. ಪೇಶ್ವಾ ಬರೆದ, ಭೀಮಾ ಜಲಾನಯನಕ್ಕೇ ಮೀಸಲಾದ ಪುಸ್ತಕ ಹೊರಬಂತು. ಫೂಟ್ 1912ರಲ್ಲಿ ತೀರಿಕೊಂಡಾಗ ಮಹದೇವನ್ ಇನ್ನೂ ಬಾಲಕ. ಪರಸ್ಪರ ಮುಖ ನೋಡದವರನ್ನು ಒಂದುಗೂಡಿಸಿದ್ದು ಅಚ್ಚಾದ ಹಾಳೆ.

ಕೊನೆಯ ಎರಡು ಪುಸ್ತಕಗಳ ಪ್ರಕಾಶಕರು ಯಾರೆಂದು ನೋಡಿದರೆ ಒಂದೇ ಹೆಸರು ಸಿಗುತ್ತದೆ: ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘ.

ಸಂಬಳವಿಲ್ಲದ ಕೆಲಸ

ಹೆಸರು ಹೋಲುವುದರಿಂದ ಗೊಂದಲ ಬೇಡ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸರ್ಕಾರದ ಇಲಾಖೆ. ಸಂಘವಾದರೋ 1958ರಲ್ಲಿ ಭೂವಿಜ್ಞಾನಿಗಳು ತಾವೇ ಕೂಡಿ ಕಟ್ಟಿಕೊಂಡದ್ದು. ಡಿ.ಎನ್. ವಾಡಿಯಾ ಅದರ ಮೊದಲ ಅಧ್ಯಕ್ಷರು. ಸಂಘದ ಪತ್ರಿಕೆ 1959ರಲ್ಲಿ ಪ್ರಾರಂಭವಾಯಿತು. ಮೊದಮೊದಲು ವರ್ಷಕ್ಕೊಂದು ಸಂಪುಟ. ಕಾಲಕ್ರಮದಲ್ಲಿ ಅದು ಮಾಸಪತ್ರಿಕೆಯಾಗಿ ಬೆಳೆಯಿತು.

ಈ ಬೆಳವಣಿಗೆಯ ಹಿಂದೆ ಬಹುಕಾಲ ದುಡಿದವರು ಡಾ. ಬಿ.ಪಿ. ರಾಧಾಕೃಷ್ಣ (1918–2012). ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಅವರು 1974ರಲ್ಲಿ ನಿವೃತ್ತರಾದರು. ಆನಂತರದ ವರ್ಷಗಳನ್ನು ಸಂಘಕ್ಕೂ ಪತ್ರಿಕೆಯ ಸಂಪಾದನೆಗೂ ಮುಡಿಪಾಗಿಟ್ಟರು. 1992ರಿಂದ 2010ರವರೆಗೆ ಸಂಘದ ಅಧ್ಯಕ್ಷರಾಗಿದ್ದರು. ಮೇಲೆ ಹೇಳಿದ 1987ರ ಸಂಪುಟದ ಸಂಪಾದಕರೂ ಅವರೇ.

ಗೌರವ ಸಂಪಾದಕರ ಕೆಲಸ ಎಂದರೇನು? ಲೇಖನ ಬರೆಸುವುದು, ಬಂದದ್ದನ್ನು ತಜ್ಞರಿಗೆ ಕಳಿಸುವುದು, ಅವರಿಂದ ಉತ್ತರ ಬಾರದಿದ್ದರೆ ಮತ್ತೆ ನೆನಪಿಸುವುದು, ನಕಾಶೆಯಲ್ಲಿ ಅಳತೆಪಟ್ಟಿ ಇದೆಯೇ ಎಂದು ನೋಡುವುದು, ಕರಡು ತಿದ್ದುವುದು, ಅಂಚೆ ಖರ್ಚು ಹೊಂದಿಸುವುದು. ಸಂಚಿಕೆ ಸಕಾಲಕ್ಕೆ ಬಂದರೆ ಯಾರೂ ಗಮನಿಸುವುದಿಲ್ಲ; ತಡವಾದರೆ ಎಲ್ಲರೂ ಕೇಳುತ್ತಾರೆ!

ಇಂಥ ಕೆಲಸವನ್ನು ಒಬ್ಬರು ದಶಕಗಟ್ಟಲೆ ಹೊತ್ತರೆ ಅದರಲ್ಲಿ ಒಂದು ಅಪಾಯವೂ ಅಡಗಿರುತ್ತದೆ. ಲೇಖಕರ ವಿಳಾಸ, ಮುದ್ರಕರ ಲೆಕ್ಕ, ತಜ್ಞರ ಪರಿಚಯ ಎಲ್ಲವೂ ಅವರ ತಲೆಯಲ್ಲೇ ಉಳಿದುಬಿಡುತ್ತವೆ. ಅವರು ಇಳಿದ ದಿನ ಪತ್ರಿಕೆಯೂ ಇಳಿಯುತ್ತದೆ. ಭೂವೈಜ್ಞಾನಿಕ ಸಂಘದಲ್ಲಿ ಹಾಗಾಗಲಿಲ್ಲ. 2010ರಲ್ಲಿ ಅಧ್ಯಕ್ಷ ಸ್ಥಾನ ಭೂಭೌತವಿಜ್ಞಾನಿ ಹರ್ಷ್ ಗುಪ್ತಾ ಅವರಿಗೆ ಹೋಯಿತು. ರಾಧಾಕೃಷ್ಣ ಅವರು 2012ರ ಜನವರಿ 26ರಂದು ನಿಧನರಾದರು. ಫೆಬ್ರವರಿ ಸಂಚಿಕೆ ಎಂದಿನಂತೆ ಹೊರಬಂತು. ಅವರ ಸಂಪಾದಕತ್ವಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ನಿಂತುಹೋದ ಒಂದು ಪತ್ರಿಕೆ

ಇದರೊಂದಿಗೆ ಕನ್ನಡದ್ದೇ ಒಂದು ಉದಾಹರಣೆಯನ್ನು ಇಟ್ಟು ನೋಡಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಅವರ ವಿದ್ವತ್ತಿಗೆ, ಶ್ರದ್ಧೆಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಸಂಪಾದಕರ ಉತ್ಸಾಹವೊಂದರಿಂದಲೇ ಪತ್ರಿಕೆ ಬಾಳುವುದಿಲ್ಲ. ಅದಕ್ಕೆ ಚಂದಾದಾರರ ಬೆಂಬಲ, ಬರೆಯುವ ಕೈಗಳು ಮತ್ತು ಮುಂದೆ ಭಾರ ಹೊರುವವರು ಬೇಕು.

ನಮ್ಮ ತಾಲ್ಲೂಕುಗಳಿಗೆ ಇದರಿಂದೇನು?

‘ಬೆಂಗಳೂರಿನ ಪತ್ರಿಕೆಗೂ ಆಳಂದದ ರೈತರಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ನೀರಿನ ಸಂಬಂಧ. ಬಸಾಲ್ಟಿನಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಭಾಗದಲ್ಲಿ, ಬಿರುಕುಗಳಲ್ಲಿ ಮತ್ತು ಎರಡು ಲಾವಾ ಪದರಗಳ ನಡುವೆ. ಸುಣ್ಣಕಲ್ಲಿನಲ್ಲಿ ಅದು ಸೇರುವುದು ಸೀಳುಗಳಲ್ಲಿ ಮತ್ತು ನೀರೇ ಕರಗಿಸಿ ಮಾಡಿದ ಪೊಳ್ಳುಗಳಲ್ಲಿ. ಆದ್ದರಿಂದ ಒಂದು ಊರಿನಲ್ಲಿ ಬಸಾಲ್ಟ್ ಎಷ್ಟು ಆಳಕ್ಕೆ ಮುಗಿಯುತ್ತದೆ ಎಂಬ ಮಾಹಿತಿ ಬಹಳ ಬೆಲೆಯುಳ್ಳದ್ದು.

ಆ ಮಾಹಿತಿ ಕೊಳವೆಬಾವಿ ಕೊರೆಯುವಾಗ ಎಲ್ಲರ ಕಣ್ಣೆದುರೇ ಬರುತ್ತದೆ. ಮೇಲೆ ಬರುವ ಕಲ್ಲುಪುಡಿಯ ಬಣ್ಣ ಕಪ್ಪಿನಿಂದ ಬೂದಿಗೆ ತಿರುಗಿದ ಆಳವನ್ನು ಬರೆದಿಟ್ಟರೆ ಸಾಕು, ಅದೊಂದು ವೈಜ್ಞಾನಿಕ ದಾಖಲೆ. ಬರೆಯದಿದ್ದರೆ ಆ ಪುಡಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಪಕ್ಕದ ಹೊಲದವರು ಮತ್ತೆ ಹಣ ಸುರಿದು ಅದೇ ಪಾಠ ಕಲಿಯಬೇಕಾಗುತ್ತದೆ. ಇಂಥ ಪುಟ್ಟ ಟಿಪ್ಪಣಿಗಳಿಗೆ ಜಾಗ ಕೊಟ್ಟು ಹತ್ತಾರು ವರ್ಷ ಕಾಪಾಡುವುದು ಸಂಘಗಳ ವಾರ್ತಾಪತ್ರಗಳು. ಅವು ನಿಂತರೆ ಹೊಸ ದಾಖಲೆಗಳಿಗೆ ಜಾಗವಿಲ್ಲದಾಗುತ್ತದೆ, ಹಳೆಯವು ಎಲ್ಲಿವೆ ಎಂದು ಹೇಳುವವರೂ ಇಲ್ಲದಾಗುತ್ತಾರೆ.

ನಿಮ್ಮ ಕಾಲೇಜಿನ ಅಥವಾ ವಿಜ್ಞಾನ ಸಂಘದ ವಾರ್ತಾಪತ್ರವನ್ನು ನೀವೇ ನೋಡಿಕೊಳ್ಳುತ್ತಿದ್ದರೆ, ಇಳಿಯುವ ಒಂದು ವರ್ಷ ಮೊದಲೇ ಕಿರಿಯರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಎರಡು ಸಂಚಿಕೆಗಳನ್ನು ಅವರೇ ತರಲಿ, ತಪ್ಪಿದ್ದರೆ ತಿದ್ದಿ. ವಿಳಾಸಪಟ್ಟಿ, ಲೆಕ್ಕದ ಪುಸ್ತಕ, ಅಚ್ಚಾಗದೆ ಉಳಿದ ಲೇಖನಗಳು, ಹಳೆಯ ಸಂಚಿಕೆಗಳ ಪೂರ್ಣ ಸೆಟ್ಟು, ಈ ನಾಲ್ಕನ್ನೂ ಪಟ್ಟಿ ಮಾಡಿ ಒಪ್ಪಿಸಿ. ಒಂದು ಸೆಟ್ಟು ಜಿಲ್ಲೆಯ ಯಾವುದಾದರೂ ಗ್ರಂಥಾಲಯದಲ್ಲಿರಲಿ. ಆಮೇಲೆ ಹೊಸಬರು ಕೇಳಿದಾಗ ಮಾತ್ರ ಸಲಹೆ ಕೊಡಿ.

ನೀವು ಬರಿಯ ಓದುಗರಾಗಿದ್ದರೆ? ನಿಮ್ಮೂರಿನಲ್ಲಿ ಮುಂದಿನ ಕೊಳವೆಬಾವಿ ಕೊರೆಯುವಾಗ ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ಹೊಸ ಸಂಪಾದಕರಿಗೆ ಮೊದಲು ಬೇಕಾಗುವುದು ಅಚ್ಚುಹಾಕಲು ಯೋಗ್ಯವಾದ ಒಂದು ಪುಟ.