ನವಣೆ ಹೊಲಕ್ಕೆ ಶೇಂಗಾ ಬಂದ ಮೇಲೆ

ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ನಮ್ಮ ಚಳ್ಳಕೆರೆ ಸೀಮೆಯ ಹೊಲಗಳ ಕಥೆಯನ್ನೂ ಬರೆದಿಡಬೇಕೆನಿಸಿತು. ಇಲ್ಲಿ ಓದಿದ ಬಹುಪಾಲು ಮಕ್ಕಳ ಪುಸ್ತಕ, ಬಟ್ಟೆ, ಶುಲ್ಕ ಆ ಹೊಲಗಳಿಂದಲೇ ಬಂದದ್ದು.

ನಮ್ಮದು ಮಳೆ ನೆರಳಿನ ನಾಡು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲೇ ಮುಗಿಯಿತು. ಅದರ ಕಾಲುವೆ ನೀರು ಹೆಚ್ಚಾಗಿ ಹಿರಿಯೂರಿನ ಕಡೆಗೆ ಹರಿಯಿತು. ನಮ್ಮ ಬೆದ್ದಲು ಹೊಲಗಳಿಗೆ ಆಕಾಶವೇ ಗತಿ. ಅದಕ್ಕೇ ಹಿರಿಯರು ನವಣೆ, ಸಾವೆ, ಸಜ್ಜೆ, ಹುರುಳಿ ಬಿತ್ತುತ್ತಿದ್ದರು. ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹರಳು. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತಿತ್ತು.

ಶೇಂಗಾ ಮೂಲತಃ ದಕ್ಷಿಣ ಅಮೆರಿಕದ್ದು. ತಮಿಳುನಾಡಿನ ತಿಂಡಿವನದಿಂದ ಬಂದ ಟಿ.ಎಂ.ವಿ.-2 ತಳಿ ನಮ್ಮ ಕೆಂಪು ನೆಲಕ್ಕೆ ಚೆನ್ನಾಗಿ ಒಗ್ಗಿತು. ಪೇಟೆಯಲ್ಲಿ ಎಣ್ಣೆ ಗಿರಣಿಗಳು ಎದ್ದವು, ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರಾಯಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ ಉತ್ಸಾಹ ಇನ್ನೂ ಏರಿತು. ನವಣೆ ಹೊಟ್ಟೆಗಾಯಿತು, ಶೇಂಗಾ ಕೈಗೆ ರೊಕ್ಕ ಕೊಟ್ಟಿತು. ನನ್ನ ಬಿ.ಇ. ಶುಲ್ಕವೂ ಶೇಂಗಾದ್ದೇ, ಹಾಗಾಗಿ ಅದನ್ನು ಬೈಯುವ ಬಾಯಿ ನನಗಿಲ್ಲ.

ಆದರೆ ಲೆಕ್ಕ ಮಾಡಿ ನೋಡಿದರೆ ವ್ಯತ್ಯಾಸ ಬಿತ್ತನೆಯಲ್ಲೇ ಇದೆ. ಎಕರೆಗೆ ನವಣೆ ಬೀಜ 3-4 ಕಿಲೋ ಸಾಕು. ಮನೆಯ ಮಡಕೆಯಲ್ಲೇ ಇರುತ್ತಿತ್ತು; ಮಳೆ ಕೈಕೊಟ್ಟರೆ ಮತ್ತೊಮ್ಮೆ ಬಿತ್ತಬಹುದಿತ್ತು. ಶೇಂಗಾಕ್ಕೆ ಎಕರೆಗೆ 40-50 ಕಿಲೋ ಬೀಜ ಬೇಕು. ಅಷ್ಟನ್ನು ಎತ್ತಿಡಲಾಗದೆ ಸಾಲ ಮಾಡಿ ಕೊಳ್ಳುವವರೇ ಹೆಚ್ಚು. ಹೂ ಬಿಟ್ಟ ಮೇಲೆ ಅದರ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವಾಗ ನೆಲ ಹಸಿಯಿರಲೇಬೇಕು. ಆ ಹದಿನೈದಿಪ್ಪತ್ತು ದಿನ ಮಳೆ ತಪ್ಪಿತೋ, ಬಳ್ಳಿ ಹಸಿರಾಗಿ ಕಂಡರೂ ಕಾಯಿ ಜೊಳ್ಳು. ಬರ ಹೊಸದಲ್ಲ, ಅದು ಮೊದಲೂ ಇತ್ತು. ಬರದ ಜೊತೆ ಸಾಲ ಸೇರಿಕೊಂಡದ್ದು ಹೊಸದು.

1994ರ ನಂತರ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲುವುದು ಕಷ್ಟವಾಯಿತು. ಮುಂದೆ ಕೊಳವೆಬಾವಿ ಕೊರೆಸಿದವರು ದಾಳಿಂಬೆ, ಅಡಿಕೆಗೆ ಹೋದರು. ಅವರ ಪಾಡು ಬೇರೆಯೇ ಒಂದು ಲೇಖನ.

ಕಳೆದ ಮುಂಗಾರಿನಲ್ಲಿ ಊರಿಗೆ ಹೋದಾಗ ಅಪ್ಪ ಶೇಂಗಾ ಸಾಲುಗಳ ನಡುವೆ ಮತ್ತೆ ತೊಗರಿ ಹಾಕಿದ್ದರು. “ಕಾಯಿ ಕೈಕೊಟ್ರೆ ಬೇಳೆನಾದ್ರೂ ಇರ್ಲಿ ಕಣಪ್ಪ” ಎಂದರು. ಒಂದು ಎಕರೆಗಾದರೂ ನವಣೆ ಬಿತ್ತೋಣವೆಂದು ಹೊರಟೆವು. ಅಜ್ಜಿಯ ಕಾಲದ ಬೀಜದ ಮಡಕೆ ಅಟ್ಟದ ಮೇಲೆ ಇತ್ತು, ಬೀಜ ಇರಲಿಲ್ಲ. ಕೊನೆಗೆ ಪಕ್ಕದೂರಿನ ಒಬ್ಬ ಮುದುಕರ ಮನೆಯಲ್ಲಿ ಎರಡು ಸೇರು ಸಿಕ್ಕಿತು.